ಸಮುದ್ರ ಕಾಣದ ಊರಿನ ಹಡಗಿನ ಕನಸು

ಒಂದು ಸಂಜೆ ಶಹಾಪುರದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಫೋನ್ ಮಾಡಿದರು. "ಆಪಾ, ಒಮ್ಮೆ ಮನೆಗೆ ಬಂದು ಹೋಗಿ. ಇವಳಿಗೆ ನೀವು ಸ್ವಲ್ಪ ಬುದ್ಧಿ ಹೇಳಬೇಕು" ಎಂದರು. ಧ್ವನಿಯಲ್ಲಿ ಆತಂಕವಿತ್ತು. ಹದಿನೇಳು ವರ್ಷದ ಮಗಳ ಬಗ್ಗೆ ತಾಯಿ ಹೀಗೆ ಹೇಳಿದರೆ ಕೇಳಿದವರ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ನಾನೂ ಏನೇನೋ ಯೋಚಿಸಿಕೊಂಡೇ ಸುರಪುರದಲ್ಲಿ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ವಿಷಯ ಬೇರೆಯೇ ಆಗಿತ್ತು. ಹುಡುಗಿ ಎರಡನೆಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಾಳೆ. ಅವಳು ಬಿ.ಎಸ್ಸಿ., ಬಿ.ಎಡ್. ಮಾಡಿ ಊರಲ್ಲೇ ಶಿಕ್ಷಕಿಯಾಗಲಿ ಎಂಬುದು ಮನೆಯವರ ಇಚ್ಛೆ. ಅವಳಿಗೋ ಹಡಗು ವಿನ್ಯಾಸ ಮಾಡುವ ವಿದ್ಯೆ ಕಲಿಯಬೇಕಂತೆ. ಅದಕ್ಕೆ ನೇವಲ್ ಆರ್ಕಿಟೆಕ್ಚರ್ ಎನ್ನುತ್ತಾರೆ. "ಹಡಗು! ಈ ಯಾದಗಿರಿ ಜಿಲ್ಲೆಯಲ್ಲಿ ಹಡಗು ಎಲ್ಲಿದೆ ಆಪಾ? ಇವಳು ಸಮುದ್ರವನ್ನು ಕಣ್ಣಾರೆ ನೋಡಿಯೂ ಇಲ್ಲ" ಎಂದು ತಾಯಿ ಹಣೆ ಚಚ್ಚಿಕೊಂಡರು.

ನಾನು ಬುದ್ಧಿ ಹೇಳಲೆಂದೇ ಹೋದವಳು. ಆದರೆ ಮೊದಲು ಅವಳ ಮಾತು ಕೇಳೋಣ ಎನಿಸಿತು. "ಈ ಆಸೆ ನಿನಗೆ ಎಲ್ಲಿಂದ ಬಂತು?" ಎಂದು ಕೇಳಿದೆ. "ಕೃಷ್ಣಾ ನದಿಯಿಂದ ಟೀಚರ್" ಎಂದಳು.

2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಭಾರೀ ಪ್ರಮಾಣದ ನೀರು ಬಿಟ್ಟಾಗ ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆ ಮುಳುಗಿತ್ತು. ತಂದೆಯ ಜೊತೆ ನೀರು ನೋಡಲು ಹೋಗಿದ್ದ ಆ ಪುಟ್ಟ ಹುಡುಗಿ ಮನೆಗೆ ಬಂದು ಕೇಳಿದ ಪ್ರಶ್ನೆ ಒಂದೇ: ಸೇತುವೆ ಮುಳುಗಿದ ಮೇಲೆ ಆಚೆ ದಡದ ಜನರು ಹೇಗೆ ಬರುತ್ತಾರೆ?

ಸೋರೆ ಬುರುಡೆಯ ಪಾಠ

ಆ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದಲ್ಲ. ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಊರಿದೆ. 2013ರ ಮಳೆಗಾಲದಲ್ಲಿ ಅಲ್ಲಿನ ಒಂಬತ್ತು ತಿಂಗಳ ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಆಸ್ಪತ್ರೆ ಸೇರಬೇಕಿತ್ತು. ನದಿ ತುಂಬಿ ಹರಿಯುತ್ತಿತ್ತು, ದಾಟಲು ದೋಣಿ ಸಿಗಲಿಲ್ಲ. ಆಕೆ ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಬೆಂಬಲದೊಂದಿಗೆ ಈಜಿ ದಡ ಸೇರಿದಳು. ಆ ಸುದ್ದಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಬಂತು. ಯಾದಗಿರಿಯ ಹೆಸರನ್ನು ಎಷ್ಟೋ ಜನ ಮೊದಲು ಕೇಳಿದ್ದೇ ಆಗ.

ಅದೇ ಮಳೆಗಾಲದಲ್ಲಿ, 2013ರ ಆಗಸ್ಟ್ 12ರಂದು, ಕೊಚ್ಚಿಯ ಹಡಗುಕಟ್ಟೆಯಲ್ಲಿ ನಮ್ಮ ದೇಶದವರೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ ನೀರಿಗಿಳಿಯಿತು. 262 ಮೀಟರ್ ಉದ್ದ, ಒಳಗೆ ಸುಮಾರು 2,300 ಕೋಣೆಗಳು! 2022ರ ಸೆಪ್ಟೆಂಬರ್ 2ರಂದು ಅದು ನೌಕಾಪಡೆಗೆ ಸೇರಿತು. ಒಂದೇ ದೇಶ, ಒಂದೇ ಮಳೆಗಾಲ. ಒಂದೆಡೆ ಅಷ್ಟು ದೊಡ್ಡ ನೌಕೆ, ಇನ್ನೊಂದೆಡೆ ಹೆರಿಗೆಗೆ ಹೊರಟವಳಿಗೆ ಸೋರೆ ಬುರುಡೆ.

"ಟೀಚರ್, ಎರಡೂ ತೇಲುವುದು ಒಂದೇ ಕಾರಣದಿಂದ" ಎಂದಳು ಹುಡುಗಿ. ನೀರು ತಾನು ಬಿಟ್ಟುಕೊಟ್ಟ ಜಾಗಕ್ಕೆ ಸಮನಾದ ತೂಕವನ್ನು ಮೇಲಕ್ಕೆ ಎತ್ತುತ್ತದೆ. ಗಟ್ಟಿ ಕಬ್ಬಿಣದ ಮೊಳೆ ತಳ್ಳುವ ನೀರು ಕಡಿಮೆ, ಆದ್ದರಿಂದ ಮುಳುಗುತ್ತದೆ. ಅದೇ ಕಬ್ಬಿಣವನ್ನು ತೆಳ್ಳಗೆ ಬಡಿದು ಬೋಗುಣಿ ಮಾಡಿದರೆ ಅದು ಹೆಚ್ಚು ನೀರನ್ನು ತಳ್ಳುತ್ತದೆ, ತೇಲುತ್ತದೆ. ಆರ್ಕಿಮಿಡಿಸ್ ಹೇಳಿದ ಈ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ.

ಅಡುಗೆಮನೆಯಲ್ಲಿ ಹಡಗಿನ ವಿದ್ಯೆ

ಅನಂತರ ಅವಳು ಅಡುಗೆಮನೆಯಿಂದ ಒಂದು ಉದ್ದನೆಯ ಸ್ಟೀಲ್ ಲೋಟ ತಂದಳು. ಬಕೆಟ್ ನೀರಿನಲ್ಲಿ ಖಾಲಿ ಲೋಟ ಬಿಟ್ಟಳು. ಅದು ವಾಲಿ, ನೀರು ಕುಡಿದು ಮುಳುಗಿತು. ಎತ್ತಿ ಒರೆಸಿ, ಒಂದು ಹಿಡಿ ತೊಗರಿ ಬೇಳೆ ಹಾಕಿ ಮತ್ತೆ ಬಿಟ್ಟಳು. ಈ ಸಲ ಲೋಟ ನೆಟ್ಟಗೆ ನಿಂತಿತು. ಭಾರ ಹೆಚ್ಚಾದರೂ ಅದು ತಳದಲ್ಲಿದ್ದುದರಿಂದ ಲೋಟಕ್ಕೆ ಸ್ಥಿರತೆ ಬಂತು. ಬೆರಳಿನಿಂದ ವಾಲಿಸಿದರೂ ತಾನಾಗಿ ಎದ್ದು ನಿಲ್ಲುತ್ತಿತ್ತು. ಹಡಗು ಎಷ್ಟು ವಾಲಿದರೂ ಮತ್ತೆ ಏಳುವಂತೆ ಭಾರವನ್ನು ಎಲ್ಲಿ ಇಡಬೇಕು, ಎಷ್ಟು ಅಗಲ ಕೊಡಬೇಕು ಎಂಬ ಲೆಕ್ಕವೇ ಈ ವಿದ್ಯೆಯ ಬೇರು. ಅದಕ್ಕೆ ಬೇಕಾದ ಮೆಟಾಸೆಂಟರ್ ಎಂಬ ಬಿಂದುವಿನ ಲೆಕ್ಕವನ್ನು ಪಿಯರ್ ಬೂಗೇರ್ ಎಂಬ ಫ್ರೆಂಚ್ ವಿದ್ವಾಂಸ 1746ರಲ್ಲೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

"ಅಮ್ಮೀ, ಅಗಲವಾದ ಪರಾತದಲ್ಲಿ ಅರ್ಧ ನೀರು ತುಂಬಿ ಹೊತ್ತು ನಡೆದರೆ ಏನಾಗುತ್ತದೆ?" ಎಂದು ತಾಯಿಯನ್ನು ಕೇಳಿದಳು. "ಒಂದು ಕಡೆಗೆ ಸರಿದು ಚೆಲ್ಲುತ್ತದೆ" ಎಂದರು ತಾಯಿ. ಹಡಗಿನ ತೊಟ್ಟಿಗಳಲ್ಲೂ ಹೀಗೆಯೇ ಆಗುತ್ತದೆ. ಅರ್ಧ ತುಂಬಿದ ನೀರು ಅಥವಾ ಎಣ್ಣೆ ಒಂದೇ ಬದಿಗೆ ಓಡಿದರೆ ಹಡಗು ಮಗುಚಬಹುದು. ಅದಕ್ಕಾಗಿ ತೊಟ್ಟಿಯ ಒಳಗೆ ಗೋಡೆಗಳನ್ನಿಟ್ಟು ಭಾಗ ಮಾಡುತ್ತಾರೆ. ಮಗಳ ಮಾತು ಕೇಳುತ್ತಾ ತಾಯಿ ಮೆಲ್ಲನೆ, "ನನ್ನ ತವರು ನದಿ ದಂಡೆಯ ಊರು ಆಪಾ. ನಾವೂ ಬುರುಡೆ ಕಟ್ಟಿಕೊಂಡೇ ಈಜು ಕಲಿತದ್ದು" ಎಂದರು. ಅಲ್ಲಿಯವರೆಗೆ ಅವರು ಮಗಳ ಮುಂದೆ ಅದನ್ನು ಹೇಳಿರಲಿಲ್ಲವಂತೆ.

ತಂದೆಯ ಪ್ರಶ್ನೆಗಳು

ಅಷ್ಟರಲ್ಲಿ ತಂದೆ ಅಂಗಡಿಯಿಂದ ಬಂದರು. ಅವರು ಮಗಳ ಮೇಲೆ ರೇಗುವ ಮನುಷ್ಯರಲ್ಲ. ಆದರೆ ಪ್ರಶ್ನೆಗಳಿದ್ದವು. ನಮ್ಮ ಎಷ್ಟೋ ಮನೆಗಳ ಪ್ರಶ್ನೆಗಳೂ ಅವೇ ಆಗಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

"ಹೆಣ್ಣುಮಗಳು ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರಬೇಕೇ?" ಇದು ಮೊದಲ ಪ್ರಶ್ನೆ. ಇಲ್ಲ. ಹಡಗಿನಲ್ಲಿ ಪ್ರಯಾಣಿಸುತ್ತಾ ಅದರ ಯಂತ್ರಗಳನ್ನು ನೋಡಿಕೊಳ್ಳುವವರು ಮರೀನ್ ಇಂಜಿನಿಯರುಗಳು. ನೇವಲ್ ಆರ್ಕಿಟೆಕ್ಟ್ ಹಡಗಿನ ಆಕಾರ, ಬಲ, ಸ್ಥಿರತೆಗಳ ವಿನ್ಯಾಸ ಮಾಡುವವರು. ಅವರ ಹೆಚ್ಚಿನ ಕೆಲಸ ಕಚೇರಿಯ ಕಂಪ್ಯೂಟರಿನ ಮುಂದೆ ಮತ್ತು ಹಡಗುಕಟ್ಟೆಯಲ್ಲಿ.

"ಎಲ್ಲಿ ಕಲಿಸುತ್ತಾರೆ?" ಖರಗ್‌ಪುರ ಮತ್ತು ಮದ್ರಾಸ್ ಐ.ಐ.ಟಿ.ಗಳಲ್ಲಿ, ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ, 2008ರಲ್ಲಿ ಸ್ಥಾಪನೆಯಾದ ಭಾರತೀಯ ಸಾಗರ ವಿಶ್ವವಿದ್ಯಾಲಯದ ವಿಶಾಖಪಟ್ಟಣ ಕ್ಯಾಂಪಸ್‌ನಲ್ಲಿ ನಾಲ್ಕು ವರ್ಷದ ಬಿ.ಟೆಕ್. ಇದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಐ.ಐ.ಟಿ.ಗೆ ಜೆ.ಇ.ಇ., ಉಳಿದೆರಡಕ್ಕೆ ಅವರದೇ ಪ್ರವೇಶ ಪರೀಕ್ಷೆ. ನಮ್ಮ ಭಾಗಕ್ಕೆ 371(ಜೆ) ಕೊಟ್ಟಿರುವ ಮೀಸಲಾತಿ ನಮ್ಮ ರಾಜ್ಯದ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಅಲ್ಲಿ ನೆರವಿಗೆ ಬರುವುದಿಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

"ಹಣ?" ಐ.ಐ.ಟಿ.ಗಳಲ್ಲಿ ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಮೂರನೇ ಎರಡು ಭಾಗ ಮಾಫಿ ಎಂಬ ನಿಯಮ 2016ರಲ್ಲಿ ಬಂತು. ಹಾಸ್ಟೆಲ್ ಮತ್ತು ಊಟದ ಖರ್ಚು ಬೇರೆ. ಹುಡುಗಿಯರ ಸಂಖ್ಯೆ ಹೆಚ್ಚಲೆಂದು 2018ರಿಂದ ಐ.ಐ.ಟಿ.ಗಳಲ್ಲಿ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಲಾಯಿತು.

"ಗಂಡುಮಕ್ಕಳ ನಡುವೆ ಒಬ್ಬಳೇ ಹೇಗಿರುತ್ತಾಳೆ?" ಇದು ತಂದೆಯ ಕೊನೆಯ ಪ್ರಶ್ನೆ. ತಾಯಿಯದು ಮೊದಲಿನಿಂದಲೂ ಅದೇ. ಇದನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ಸೋನಾಲಿ ಬ್ಯಾನರ್ಜಿ 1995ರಲ್ಲಿ ಕೋಲ್ಕತ್ತಾದ ತಾರಾತಲಾದ ಮರೀನ್ ಇಂಜಿನಿಯರಿಂಗ್ ಸಂಸ್ಥೆಗೆ ಸೇರಿದಾಗ ಅಷ್ಟೂ ಹುಡುಗರ ನಡುವೆ ಅವರೊಬ್ಬರೇ ಹುಡುಗಿ. ಅವರು 1999ರಲ್ಲಿ ದೇಶದ ಮೊದಲ ಮಹಿಳಾ ಮರೀನ್ ಇಂಜಿನಿಯರ್ ಎನಿಸಿದರು. ಚೆನ್ನೈಯ ರೇಷ್ಮಾ ನಿಲೋಫರ್ ನಹಾ 2018ರಲ್ಲಿ ದೇಶದ ಮೊದಲ ಮಹಿಳಾ ಮರೀನ್ ಪೈಲಟ್ ಆದರು. ಸಮುದ್ರದಿಂದ ಬಂದ ಹಡಗುಗಳನ್ನು ಹೂಗ್ಲಿ ನದಿಯ ಮೂಲಕ ಬಂದರಿಗೆ ಸುರಕ್ಷಿತವಾಗಿ ತರುವುದು ಅವರ ಕೆಲಸ.

ನಾನು ಅವರಿಗೆ ಇನ್ನೊಬ್ಬ ಹೆಣ್ಣುಮಗಳ ಕತೆಯನ್ನೂ ಹೇಳಿದೆ. ಅಮೆರಿಕದ ರೇ ಮಾಂಟೆಗ್ಯೂ ಎಂಬ ಕಪ್ಪು ಬಾಲಕಿ ಎರಡನೇ ಮಹಾಯುದ್ಧದ ಕಾಲದಲ್ಲಿ ತನ್ನ ಅಜ್ಜನ ಜೊತೆ ಪ್ರದರ್ಶನಕ್ಕಿಟ್ಟ ಪುಟ್ಟ ಜಲಾಂತರ್ಗಾಮಿಯನ್ನು ನೋಡಿ, ಇದನ್ನು ಮಾಡಲು ಏನು ಕಲಿಯಬೇಕು ಎಂದು ಕೇಳಿದಳು. ಇಂಜಿನಿಯರ್ ಆಗಬೇಕು, ಆದರೆ ನಿನಗೆ ಆ ಚಿಂತೆ ಬೇಡ ಎಂಬ ಉತ್ತರ ಬಂತು. ಅವಳ ರಾಜ್ಯದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಇಂಜಿನಿಯರಿಂಗ್ ಕಾಲೇಜಿನ ಬಾಗಿಲು ಮುಚ್ಚಿತ್ತು. ವಾಣಿಜ್ಯ ಪದವಿ ಪಡೆದು 1956ರಲ್ಲಿ ನೌಕಾಪಡೆಯ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದಳು. ಕೆಲಸ ಮಾಡುತ್ತಲೇ ಕಂಪ್ಯೂಟರ್ ಕಲಿತಳು. 1971ರಲ್ಲಿ ಒಂದು ತಿಂಗಳ ಗಡುವು ಕೊಟ್ಟಿದ್ದ ಯುದ್ಧನೌಕೆಯ ಕರಡು ವಿನ್ಯಾಸವನ್ನು ಕಂಪ್ಯೂಟರಿನ ಸಹಾಯದಿಂದ ಒಂದು ದಿನ ತುಂಬುವ ಮೊದಲೇ ಮುಗಿಸಿದಳು. "ನಿನಗೆ ಆ ಚಿಂತೆ ಬೇಡ" ಎಂಬ ಮಾತನ್ನು ನಾವು ನಮ್ಮ ಹೆಣ್ಣುಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ?

ಹಡಗೆಂದರೆ ಯುದ್ಧನೌಕೆ ಮಾತ್ರವಲ್ಲ

ಹುಡುಗಿಯ ನೋಟ್‌ಬುಕ್ಕಿನಲ್ಲಿ ವಿಕ್ರಾಂತ್‌ನ ಚಿತ್ರ ಒಂದೇ ಇತ್ತು. ಉಳಿದ ಪುಟಗಳ ತುಂಬ ಚಿಕ್ಕ ದೋಣಿಗಳು. ಮದ್ರಾಸ್ ಐ.ಐ.ಟಿ.ಯಲ್ಲಿ ಇದೇ ವಿದ್ಯೆ ಕಲಿತ ಸಂದಿತ್ ತಂಡಾಶ್ಶೇರಿ ಎಂಬವರ ಕಂಪೆನಿ ಕಟ್ಟಿದ 'ಆದಿತ್ಯ' ಎಂಬ ಸೌರ ದೋಣಿ 2017ರ ಜನವರಿಯಲ್ಲಿ ಕೇರಳದ ವೈಕಂನಲ್ಲಿ ಓಡಾಟ ಆರಂಭಿಸಿತು. 75 ಜನರನ್ನು ಒಯ್ಯಬಲ್ಲ ಅದು ದೇಶದ ಮೊದಲ ಸೌರ ಪ್ರಯಾಣಿಕ ದೋಣಿ. 2023ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ ದ್ವೀಪಗಳ ಜನರಿಗಾಗಿ ವಾಟರ್ ಮೆಟ್ರೋ ಆರಂಭವಾಯಿತು. ಅದರ ವಿದ್ಯುತ್ ದೋಣಿಗಳನ್ನು ಕಟ್ಟಿದ್ದು ವಿಕ್ರಾಂತ್ ಕಟ್ಟಿದ ಅದೇ ಹಡಗುಕಟ್ಟೆ. ನಮ್ಮ ರಾಜ್ಯದಲ್ಲೂ ಮಲ್ಪೆಯ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿಯವರು ವಹಿಸಿಕೊಂಡರು. ಅಲ್ಲಿಗೆ ನಾರ್ವೆ ದೇಶದಿಂದಲೂ ಸರಕು ಹಡಗುಗಳ ಬೇಡಿಕೆ ಬಂದಿದೆ.

ಅವಳ ಒಂದು ಚಿತ್ರದಲ್ಲಿ ದೋಣಿಯ ನಡುವೆ ಮಂಚದ ಆಕಾರವಿತ್ತು. "ಇದೇನು?" ಎಂದೆ. "ಗರ್ಭಿಣಿಯರಿಗೆ, ಟೀಚರ್. ಮಂಚ ಆದಷ್ಟು ಕೆಳಗಿರಬೇಕು. ಆಗ ದೋಣಿ ವಾಲುವುದಿಲ್ಲ" ಎಂದಳು.

ನನಗೆ ನನ್ನ ಹದಿನೆಂಟನೆಯ ವರ್ಷ ನೆನಪಾಯಿತು. ಮದ್ರಸದ ಓದು ಮುಗಿಸಿ ಕಾಲೇಜಿಗೆ ಹೋಗುತ್ತೇನೆಂದಾಗ ಮನೆಯಲ್ಲಿ ಯಾರೂ ರೇಗಲಿಲ್ಲ, ಬೇಡ ಎನ್ನಲೂ ಇಲ್ಲ. "ಮುಂದೆ ನೋಡೋಣ" ಎಂದರು. ಆ ಮುಂದೆ ಬರಲು ಹತ್ತು ವರ್ಷ ಹಿಡಿಯಿತು. ಎರಡು ಮಕ್ಕಳ ತಾಯಿಯಾದ ಮೇಲೆ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಬರೆದೆ. ಅಲ್ಹಮ್ದುಲಿಲ್ಲಾಹ್, ಅದಕ್ಕೆ ನನಗೆ ಸಂತೋಷವಿದೆ. ಆದರೆ ತರಗತಿಯಲ್ಲಿ ಕುಳಿತು, ಗೆಳತಿಯರೊಂದಿಗೆ ಚರ್ಚಿಸಿ, ಗ್ರಂಥಾಲಯದಲ್ಲಿ ಹೊತ್ತು ಮರೆತು ಓದುವ ಆ ವಿಶ್ವವಿದ್ಯಾಲಯದ ಬದುಕು ನನಗೆ ದೊರೆಯಲಿಲ್ಲ. ಈ ಹುಡುಗಿ ಹಾಸ್ಟೆಲು, ಪ್ರಯೋಗಾಲಯ, ಹಡಗಿನ ಮಾದರಿಗಳನ್ನು ಎಳೆದು ಪರೀಕ್ಷಿಸುವ ಉದ್ದನೆಯ ನೀರಿನ ತೊಟ್ಟಿ ಎಂದೆಲ್ಲ ಕಣ್ಣರಳಿಸಿ ಹೇಳುವಾಗ, ಅವಳಿಗೆ ಬುದ್ಧಿ ಹೇಳುವ ಮನಸ್ಸು ನನಗೆ ಬರಲಿಲ್ಲ.

ಹೆತ್ತವರಿಗೆ ನಾನು ಹೇಳಿದ್ದು ಇಷ್ಟೇ: ಈಗಲೇ ಹೌದು ಎನ್ನಬೇಡಿ, ಬೇಡ ಎಂದೂ ಹೇಳಬೇಡಿ. ಮೊದಲು ಪರೀಕ್ಷೆ ಬರೆಯಲಿ. ಸೀಟು ಸಿಕ್ಕರೆ ತಂದೆ ತಾಯಿ ಇಬ್ಬರೂ ಅವಳೊಂದಿಗೆ ಹೋಗಿ ಹಾಸ್ಟೆಲ್ ನೋಡಿ, ವಾರ್ಡನ್ ಜೊತೆ ಮಾತಾಡಿ, ಅಲ್ಲಿ ಓದುತ್ತಿರುವ ಹುಡುಗಿಯರನ್ನು ಕೇಳಿ. ಸಿಗದಿದ್ದರೆ ಬಿ.ಎಸ್ಸಿ. ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ "ಮುಂದೆ ನೋಡೋಣ" ಎಂದು ಮಾತ್ರ ಹೇಳಬೇಡಿ. ಅರ್ಜಿಗೆ ಕೊನೆಯ ದಿನಾಂಕ ಇರುತ್ತದೆ.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ನಂತರ, "ಹಜ್ರತ್ ನೂಹ್(ಅ) ಹಡಗು ಕಟ್ಟುವಾಗಲೂ ದಾರಿಯಲ್ಲಿ ಹೋಗುವವರು ನಗುತ್ತಿದ್ದರಲ್ಲವೇ ಆಪಾ?" ಎಂದರು. ಹೌದೆಂದೆ. "ನಾಳೆ ನಮ್ಮ ಓಣಿಯವರೂ ನಗುತ್ತಾರೆ" ಎಂದು ತಾವೇ ಮೊದಲು ನಕ್ಕರು. ಮರುದಿನ ಪ್ರವೇಶ ಪರೀಕ್ಷೆಯ ಶುಲ್ಕ ಕಟ್ಟಿದರಂತೆ.

ಫಲಿತಾಂಶ ಏನಾಗುವುದೋ ಅಲ್ಲಾಹನೇ ಬಲ್ಲ. ಸಹೋದರಿಯರೇ, ನಿಮ್ಮ ಮನೆಯಲ್ಲೂ ವಿಚಿತ್ರವೆನಿಸುವ ಆಸೆಯೊಂದನ್ನು ಇಟ್ಟುಕೊಂಡ ಮಗಳಿರಬಹುದು. ಬುದ್ಧಿ ಹೇಳುವ ಮೊದಲು ಒಂದು ಸಂಜೆ ಅವಳ ನೋಟ್‌ಬುಕ್ ತೆರೆಸಿ ನೋಡಿ.