64 ಕಿಲೋಬೈಟಿನ ಎಲ್ಲೆ

1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿಯೂ, ತದನಂತರ ಅದರ ಮಾದರಿಯನ್ನನುಸರಿಸಿ ಬಂದ ಅಸಂಖ್ಯ ಯಂತ್ರಗಳಲ್ಲಿಯೂ, ಡಬಲ್ ಎಂಬ ಪ್ರಕಾರದ ದಶಾಂಶಸಂಖ್ಯೆಗಳನ್ನು ನೂರು ಸಾಲು ನೂರು ಕಂಬಗಳಲ್ಲಿ ತುಂಬಿಡುವ ಒಂದು ಅರೇಯನ್ನು ಸಿ ಭಾಷೆಯಲ್ಲಿ ಸಾಮಾನ್ಯ ರೀತಿಯಿಂದ ಘೋಷಿಸಹೊರಟವನು, ಅದು ಅತಿ ದೊಡ್ಡದೆಂಬ ಕಂಪೈಲರಿನ ಆಕ್ಷೇಪಕ್ಕೆ ಗುರಿಯಾಗುತ್ತಿದ್ದನು. ಸಂಖ್ಯೆಯೊಂದಕ್ಕೆ 8 ಬೈಟಿನಂತೆ ಬೇಕಾದುದು 80,000 ಬೈಟ್. ಯಂತ್ರದಲ್ಲಿ 640 ಕಿಲೋಬೈಟ್ ಸ್ಮೃತಿಯಿದ್ದರೂ ಆಕ್ಷೇಪವು ತಪ್ಪುತ್ತಿರಲಿಲ್ಲ.

ಇದಕ್ಕೆ ಕಾರಣ ವಿಳಾಸದ ರಚನೆಯಲ್ಲಿದೆ. ಇಂಟೆಲ್ 8088 ಪ್ರೊಸೆಸರು 20 ಬಿಟ್‌ಗಳ ವಿಳಾಸದಿಂದ ಹತ್ತು ಲಕ್ಷಕ್ಕೂ ಮಿಕ್ಕ ಬೈಟ್‌ಗಳನ್ನು ತಲುಪಬಲ್ಲದಾದರೂ ಅದರ ರಿಜಿಸ್ಟರುಗಳು 16 ಬಿಟ್‌ನವಾದುದರಿಂದ, ಸೆಗ್ಮೆಂಟ್ ಎಂಬ ಸಂಖ್ಯೆಯನ್ನು 16ರಿಂದ ಗುಣಿಸಿ, ಆಫ್‌ಸೆಟ್ ಎಂಬ ಇನ್ನೊಂದನ್ನು ಅದಕ್ಕೆ ಕೂಡಿಸಿ ನಿಜಸ್ಥಾನವನ್ನು ಪಡೆಯಬೇಕಾಗಿತ್ತು. ಆಫ್‌ಸೆಟ್ 65,535ನ್ನು ಮೀರಲಾರದಾದುದರಿಂದ ಒಂದು ಸೆಗ್ಮೆಂಟಿನ ವ್ಯಾಪ್ತಿ 64 ಕಿಲೋಬೈಟಿಗೆ ಮುಗಿಯುತ್ತದೆ. 8,192 ಡಬಲ್‌ಗಳಿಗೆ ಸೆಗ್ಮೆಂಟು ತುಂಬಿಹೋಯಿತು. ವಿಳಾಸದ ಎರಡು ಭಾಗಗಳನ್ನೂ ಹೊತ್ತ ಫಾರ್ ಪಾಯಿಂಟರಿನಲ್ಲಿಯೂ, ಮುಂದಡಿಯಿಟ್ಟಂತೆಲ್ಲ ಬದಲಾಗುವುದು ಆಫ್‌ಸೆಟ್ ಮಾತ್ರವೇ ಆದುದರಿಂದ, ಎಲ್ಲೆ ದಾಟಿದೊಡನೆ ಅದು ಸೊನ್ನೆಗೆ ಮರಳಿ, ಅದೇ ಸೆಗ್ಮೆಂಟಿನ ಮೊದಲಲ್ಲಿ ಬರೆದಿಟ್ಟುದನ್ನೇ ಅಳಿಸುತ್ತ ಸಾಗುತ್ತಿತ್ತು. ಯಾವ ಸೂಚನೆಯೂ ಇಲ್ಲದೆ ಉತ್ತರವು ಕೆಡುವ ಇಂತಹ ಪ್ರಮಾದಕ್ಕಿಂತ, ಮೊದಲೇ ನಿರಾಕರಿಸುವ ಕಂಪೈಲರು ಎಷ್ಟೋ ಉಪಕಾರಿಯೆಂದೇ ನನ್ನ ಭಾವನೆ. ಹ್ಯೂಜ್ ಎಂಬ ಇನ್ನೊಂದು ಬಗೆಯ ಪಾಯಿಂಟರು ಸೊನ್ನೆಗೆ ಮರಳುವ ಈ ದೋಷವನ್ನು ನೀಗಿತು. ಆದರೆ ಪ್ರತಿ ಹೆಜ್ಜೆಗೂ ಎರಡು ಭಾಗಗಳನ್ನು ಸರಿಹೊಂದಿಸಬೇಕಾದುದರಿಂದ ವೇಗವು ಕುಂದಿತು.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಕಂಪೈಲರಿನಲ್ಲಿಯೂ ಈ ಎಲ್ಲೆಯುಂಟು. ಯಂತ್ರಕ್ಕೆ ಎಷ್ಟೇ ಸ್ಮೃತಿಯಿರಲಿ, ಅದರಲ್ಲಿ ಬರೆದ ಪ್ರೋಗ್ರಾಮಿಗೆ ಆ ವೈಭವವು ಕಾಣದು.

ನನಗೆ ಅತ್ಯಂತ ಸುಂದರವಾಗಿ ತೋರುವ ಪರಿಹಾರವು ಸಿ ಭಾಷೆಯ ಸ್ವಭಾವದಿಂದಲೇ ಹುಟ್ಟಿದುದು. ಇನ್ನೂರು ಸಾಲು ಇನ್ನೂರು ಕಂಬಗಳ ಕೋಷ್ಟಕವನ್ನು ಅಖಂಡವಾಗಿ ಬೇಡದೆ, 1,600 ಬೈಟಿನ ಒಂದೊಂದು ಸಾಲಿಗೂ ಬೇರೆಬೇರೆಯಾಗಿ ಸ್ಥಳವನ್ನು ಪಡೆದು, ಆ ಸಾಲುಗಳ ವಿಳಾಸಗಳನ್ನು ಮಾತ್ರ 800 ಬೈಟಿನ ಒಂದು ಪುಟ್ಟ ಅರೇಯಲ್ಲಿ ಇರಿಸಿಕೊಂಡರೆ, ಯಾವ ಸಾಲೂ ಎಲ್ಲೆಯನ್ನು ದಾಟದು. ಸಾಲು, ಕಂಬಗಳ ಸಂಖ್ಯೆಗಳನ್ನು ಆವರಣದಲ್ಲಿ ಬರೆಯುವ ಪದ್ಧತಿಯೂ ಕಿಂಚಿತ್ತೂ ಬದಲಾಗದು. ಎಲ್ಲವನ್ನೂ ಒಂದೇ ಉದ್ದಕ್ಕೆ ಹಾಸಿ ಕ್ರಮಾಂಕವನ್ನು ಗುಣಾಕಾರದಿಂದ ಎಣಿಸಹೋದವರಿಗಾದರೋ ಇನ್ನೊಂದು ವಿಘ್ನವಿತ್ತು: ಅಲ್ಲಿಯ ಇಂಟ್ ಎಂಬ ಪೂರ್ಣಾಂಕದ ಪ್ರಕಾರವು 32,767ಕ್ಕೆ ನಿಲ್ಲುವುದರಿಂದ, ನಲವತ್ತು ಸಾವಿರದ ಸಮೀಪದ ಕ್ರಮಾಂಕವು ಋಣಸಂಖ್ಯೆಯಾಗಿಬಿಡುತ್ತಿತ್ತು.

ಮುನ್ನೂರು ಸಾಲು ಮುನ್ನೂರು ಕಂಬಗಳಾದರೆ 7,20,000 ಬೈಟ್. ಅದು ಸ್ಮೃತಿಯಲ್ಲಿ ಹಿಡಿಸದು. ಆಗ ಕೋಷ್ಟಕವನ್ನು ಡಿಸ್ಕಿನ ಫೈಲಿನಲ್ಲಿಟ್ಟು ಬೇಕಾದ ಸಾಲನ್ನು ಮಾತ್ರ ಓದಿಕೊಳ್ಳಬೇಕು. ಕಂಬದ ಕ್ರಮದಲ್ಲಿ ಓದಿದರೆ ಅಂಕಿಯೊಂದಕ್ಕೆ ಒಮ್ಮೆಯಂತೆ ಫೈಲಿನಲ್ಲಿ ಸ್ಥಾನವನ್ನು ಹುಡುಕಬೇಕಾದುದರಿಂದ, ಎರಡು ಕೋಷ್ಟಕಗಳನ್ನು ಗುಣಿಸುವಾಗ ಎರಡನೆಯದರ ಕಂಬಗಳನ್ನು ಮೊದಲೇ ಸಾಲುಗಳಾಗಿ ತಿರುಗಿಸಿ ಬರೆದಿಡುವುದು ಲೇಸು.