ಖಿನ್ನತೆಗೆ ಚಿಕಿತ್ಸೆ: ಗಡಿಯೂರಿನವರು ಎಲ್ಲಿಂದ ಶುರು ಮಾಡಬೇಕು?

ರಾಯದುರ್ಗದ ಕಡೆ 'ನನಗೆ ಖಿನ್ನತೆ ಇದೆ' ಎಂದು ಯಾರೂ ಹೇಳುವುದಿಲ್ಲ. 'ಯಾಕೋ ಬ್ಯಾಸರ', 'ಎದಿ ಭಾರ ಆಗೈತಿ', 'ಮೈಯಾಗ ಶಕ್ತೀನೇ ಇಲ್ಲ' ಎನ್ನುತ್ತಾರೆ. ಮಡಕಶಿರಾದಲ್ಲಾದರೆ 'ನಿದ್ದೆ ಬರಲ್ಲ, ಊಟ ಸೇರಲ್ಲ, ಏನೂ ಬ್ಯಾಡ ಅನ್ಸುತ್ತೆ' ಎಂಬ ಮಾತು. ಮನೆಯವರ ಕಣ್ಣಿಗೆ ಅದು ಸೋಮಾರಿತನ, ಇಲ್ಲವೇ ಗಾಳಿ ಸೋಕಿದ್ದು, ಇಲ್ಲವೇ ಗ್ರಹಚಾರ. ಡಾಕ್ಟರ ಬಳಿ ಹೋದರೂ ತಲೆನೋವು, ಸೊಂಟನೋವು, ಹೊಟ್ಟೆಯುರಿ ಎಂದಷ್ಟೇ ಹೇಳಿ ಗುಳಿಗೆ ತರುತ್ತಾರೆ. ಕಾಯಿಲೆ ಹಾಗೇ ಉಳಿಯುತ್ತದೆ.

ಆಂಧ್ರದ ಗಡಿಯ ಈ ಎರಡು ಊರಿನವರಿಗೆ ಇನ್ನೊಂದು ತೊಡಕೂ ಇದೆ. ಎಷ್ಟೋ ಮನೆಗಳ ಮಾತು ಕನ್ನಡ. ಕಚೇರಿ, ಆಸ್ಪತ್ರೆಗಳ ಮಾತು ತೆಲುಗು. ಸಂತೆಯ ವ್ಯವಹಾರಕ್ಕೆ ತೆಲುಗು ಸಲೀಸು. ಗಂಡನ ಕುಡಿತ, ತೀರದ ಸಾಲ, ಕಳೆದುಕೊಂಡ ಮಗುವಿನ ನೆನಪು ಬಾಯಿಗೆ ಬರುವುದು ಮನೆಯ ಮಾತಿನಲ್ಲೇ. ಖಿನ್ನತೆಯ ಚಿಕಿತ್ಸೆಯಲ್ಲಿ ಮಾತಿಗೆ ಔಷಧಿಯಷ್ಟೇ ಬೆಲೆ. ಆದ್ದರಿಂದ 'ಕನ್ನಡ ಬಲ್ಲವರು ಇದ್ದಾರಾ?' ಎಂದು ಕೇಳುವುದಕ್ಕೆ ಸಂಕೋಚ ಬೇಡ. ಹಳ್ಳಿಯವರ ಮನಸ್ಸಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದೂ ಈ ಸೀಮೆಯೇ. 1953ರವರೆಗೆ ರಾಯದುರ್ಗ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ 1990ರವರೆಗೆ, ಬೆಂಗಳೂರಿನ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ 'ಬಳ್ಳಾರಿ ಮಾದರಿ'ಯೇ ಬುನಾದಿ.

ಬೇಸರವೋ, ಕಾಯಿಲೆಯೋ?

ಬೆಳೆ ಒಣಗಿದಾಗ, ಮನೆಯಲ್ಲಿ ಸಾವಾದಾಗ ದುಃಖವಾಗುವುದು ಸಹಜ. ಅದು ದಿನ ಕಳೆದಂತೆ ಇಳಿಯುತ್ತದೆ. ನಡುವೆ ಒಮ್ಮೆ ನಗುವೂ ಬರುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರ ಅಥವಾ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇರುತ್ತದೆ, ಅಥವಾ ಮೊದಲು ಇಷ್ಟವಾಗುತ್ತಿದ್ದುದೆಲ್ಲ ಸಪ್ಪೆಯಾಗುತ್ತದೆ. ಜೊತೆಗೆ ನಿದ್ದೆ ಕೆಡುವುದು, ಹಸಿವು ಇಂಗುವುದು, ಸುಸ್ತು, ಮರೆವು, 'ನಾನು ಯಾತಕ್ಕೂ ಬಾರದವನು' ಎಂಬ ಕೊರಗು, ಸಾಯುವ ಯೋಚನೆ. ಕೆಲವರಲ್ಲಿ ನಿದ್ದೆ, ಹಸಿವು ಅತಿಯಾಗುವುದೂ ಉಂಟು. ಇಂಥ ಹಲವು ಲಕ್ಷಣ ಸೇರಿ ದುಡಿಮೆ, ಸಂಸಾರ ಎರಡಕ್ಕೂ ಅಡ್ಡಿಯಾದರೆ ಅದು ಕಾಯಿಲೆ. ಬಾಣಂತಿಯರಲ್ಲಿ, ವಯಸ್ಸಾದವರಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಖಿನ್ನತೆ ಇದ್ದ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಮೊದಲ ಮೆಟ್ಟಿಲು: ಒಂದು ಫೋನು

ಎಲ್ಲಿಗೂ ಹೋಗದೆ ಮಾಡಬಹುದಾದ ಮೊದಲ ಕೆಲಸ 14416ಕ್ಕೆ ಫೋನ್ ಮಾಡುವುದು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸೇವೆ. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ. 1800-891-4416 ಕೂಡ ಇದರದೇ ನಂಬರು. ಕರೆ ಹೋದೊಡನೆ ಭಾಷೆ ಆರಿಸಿಕೊಳ್ಳಲು ಹೇಳುತ್ತಾರೆ; ಕನ್ನಡವೂ ಇದೆ, ತೆಲುಗೂ ಇದೆ. ತರಬೇತಾದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಅಗತ್ಯವಿದ್ದರೆ ತಜ್ಞರಿಗೆ ಜೋಡಿಸುತ್ತಾರೆ, ಹತ್ತಿರದ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. ಏನು ಹೇಳಬೇಕೆಂದು ತೋಚದಿದ್ದರೆ 'ಇಷ್ಟು ದಿನದಿಂದ ನಿದ್ದೆ ಇಲ್ಲ, ಕೆಲಸ ಮಾಡೋಕೆ ಆಗ್ತಿಲ್ಲ' ಎಂದರೆ ಸಾಕು.

ಎಲ್ಲಿಗೆ ಹೋಗುವುದು?

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಗಳೂ ಇದೇ ಬಗೆಯ ಸುಸ್ತು ತರುತ್ತವೆ. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಮುಂದಿನ ಹಂತಕ್ಕೆ ಜಿಲ್ಲಾಕೇಂದ್ರದಲ್ಲಿ ಅನಂತಪುರದ ಸರ್ಕಾರಿ ಸರ್ವಜನ ಆಸ್ಪತ್ರೆ ಇದೆ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೂ ಅಲ್ಲಿನವರು ಅನಂತಪುರಕ್ಕೆ ಹೋಗಲು ಅಡ್ಡಿಯಿಲ್ಲ.

ಕನ್ನಡದಲ್ಲೇ ಮಾತಾಡಬೇಕೆನ್ನುವವರಿಗೆ ಗಡಿಯಾಚೆಯ ದಾರಿಯೂ ತೆರೆದಿದೆ. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರ್. ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮಡಕಶಿರಾದವರಿಗೆ ಪಾವಗಡ, ಶಿರಾ, ಮಧುಗಿರಿ ಅಕ್ಕಪಕ್ಕದ ಊರುಗಳು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿಕೊಂಡು ಬಸ್ಸು ಹತ್ತಿ. ನಿಮ್ಹಾನ್ಸ್‌ಗೆ ಯಾವ ರಾಜ್ಯದವರೂ ಹೋಗಬಹುದು. ಆಂಧ್ರದ ಆರೋಗ್ಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಮಾತ್ರ ಹೋಗುವ ಮೊದಲೇ ಕೇಳಿ ತಿಳಿಯಿರಿ.

ಅಲ್ಲಿ ಯಾರು ಯಾರು ಎಂಬುದೂ ಗೊತ್ತಿರಲಿ. ಮಾತ್ರೆ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡುವವರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಮುಖ್ಯರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಖಾಸಗಿಯಾಗಿ ಹೋಗುವಾಗ ಆ ನೋಂದಣಿ ಸಂಖ್ಯೆ ಕೇಳಿ. ಅದು ನಿಮ್ಮ ಹಕ್ಕು.

ಕೋಣೆಯೊಳಗೆ ನಡೆಯುವುದೇನು?

ಮೊದಲ ಭೇಟಿಯಲ್ಲಿ ಪ್ರಶ್ನೆಗಳೇ ಹೆಚ್ಚು: ಯಾವಾಗಿನಿಂದ, ನಿದ್ದೆ ಹೇಗಿದೆ, ಕುಡಿತವಿದೆಯೇ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ, ಸಾಯುವ ಯೋಚನೆ ಬಂದಿದೆಯೇ. ಕೊನೆಯ ಪ್ರಶ್ನೆಗೆ ಬೆಚ್ಚಬೇಡಿ, ಎಲ್ಲರನ್ನೂ ಕೇಳುತ್ತಾರೆ. ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಎಂದು ನೀವು ಹೇಳಬಹುದು. ಆಮೇಲಿನ ಭೇಟಿಗಳು ಸಾಮಾನ್ಯವಾಗಿ ವಾರಕ್ಕೊಂದು, ಮುಕ್ಕಾಲು ಗಂಟೆಯ ಆಸುಪಾಸು.

ರಾಯದುರ್ಗದ ಜೀನ್ಸ್ ಹೊಲಿಯುವ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳಿ. ಕೆಲಸ ಕಡಿಮೆಯಾಯಿತು, ಸಾಲ ಏರಿತು, ಅವನು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಮಲಗಿದಷ್ಟೂ ಮನಸ್ಸು ಕುಗ್ಗುತ್ತದೆ, ಕುಗ್ಗಿದಷ್ಟೂ ಮಲಗುತ್ತಾನೆ. ಸಮಾಲೋಚಕರು ಈ ಸುಳಿಯನ್ನು ಒಂದು ಕಡೆಯಿಂದ ಬಿಡಿಸುತ್ತಾರೆ. ಮೊದಲ ವಾರ ಚಿಕ್ಕ ಕೆಲಸಗಳು: ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳುವುದು, ಸ್ನಾನ, ಗೆಳೆಯನ ಜೊತೆ ಒಂದು ಚಹಾ, ಸಂಜೆ ಕೋಟೆ ಬೆಟ್ಟದ ಕಡೆ ನಡೆಯುವುದು. ಯಾವುದು ಮಾಡಿದಾಗ ಮನಸ್ಸು ಎಷ್ಟು ಹಗುರಾಯಿತೆಂದು ಬರೆದಿಡಬೇಕು. ಮುಂದೆ ಯೋಚನೆಗಳ ಸರದಿ. 'ಸಾಲ ತೀರಿಸಲಾಗಲಿಲ್ಲ, ನಾನು ಕೆಲಸಕ್ಕೆ ಬಾರದವನು' ಎಂಬ ಮಾತಿನಲ್ಲಿ ಮೊದಲರ್ಧ ನಿಜ, ಎರಡನೆಯದು ಕಾಯಿಲೆ ಹೇಳಿಸುತ್ತಿರುವುದು. ಎರಡನ್ನೂ ಬೇರೆ ಮಾಡಲು ಕಲಿಸುತ್ತಾರೆ.

ಈ ವಿಧಾನಕ್ಕೆ ದೊಡ್ಡ ಪದವಿ ಇರುವವರೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ತರಬೇತಿ ಕೊಟ್ಟ ಸಾಮಾನ್ಯ ಜನರೇ ತೀವ್ರ ಖಿನ್ನತೆಯವರಿಗೆ 6ರಿಂದ 8 ಭೇಟಿಗಳಲ್ಲಿ ಇಂಥ ಚಿಕಿತ್ಸೆ ಕೊಟ್ಟರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಮೂರು ತಿಂಗಳಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ. 64 ಮಂದಿ ಚೇತರಿಸಿಕೊಂಡಿದ್ದರು; ಈ ಚಿಕಿತ್ಸೆ ಸಿಗದವರಲ್ಲಿ ಚೇತರಿಸಿಕೊಂಡವರು ಶೇ. 39.

ಮಾತ್ರೆಯ ಬಗ್ಗೆ

ಖಿನ್ನತೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ತೀವ್ರವಾಗಿದ್ದರೆ ಮಾತ್ರೆಯೂ ಬೇಕು. ಫ್ಲೂಆಕ್ಸೆಟಿನ್, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಮೊದಲು ವಾಕರಿಕೆ, ತಲೆನೋವು ಬರಬಹುದು, ಬಹುಮಟ್ಟಿಗೆ ತಾನೇ ಇಳಿಯುತ್ತದೆ. ಚಡಪಡಿಕೆ ಹೆಚ್ಚಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ನಮ್ಮಲ್ಲಿ ಹೆಚ್ಚಿನವರು ಎಡವುವುದು 'ಈಗ ಚೆನ್ನಾಗಿದ್ದೇನೆ' ಎಂದು ಮಾತ್ರೆ ಬಿಡುವಲ್ಲಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ದೇವರಿಗೆ ಹರಕೆ ಹೊತ್ತುಕೊಳ್ಳಿ, ಬೇಡವೆನ್ನುವುದಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ.

ಕಾನೂನು ನಿಮ್ಮ ಪರ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ ಪ್ರಕಾರ ಸರ್ಕಾರದ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ನಿಮ್ಮ ಕಾಯಿಲೆಯ ವಿಷಯವನ್ನು ಗುಟ್ಟಾಗಿ ಇಡುವುದು ಆಸ್ಪತ್ರೆಯ ಕರ್ತವ್ಯ. ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ಕೊಡಬೇಕೆಂದು ಈ ಕಾಯ್ದೆ ಹೇಳುತ್ತದೆ. ಪೊಲೀಸರಿಗೆ ಹೆದರಿ ಅಂಥವರನ್ನು ಆಸ್ಪತ್ರೆಗೆ ಸೇರಿಸದೆ ಉಳಿಯಬೇಡಿ.

ಮನೆಯಲ್ಲಿ ಯಾರಾದರೂ 'ಇದ್ದು ಏನು ಮಾಡಲಿ' ಎಂದರೆ ಬೈಯಬೇಡಿ, ಬುದ್ಧಿ ಹೇಳಬೇಡಿ. ಪಕ್ಕದಲ್ಲಿ ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಬೀಗದೊಳಗಿಡಿ. 14416ಕ್ಕೆ ಫೋನ್ ಮಾಡಿ; ಕೈಮೀರುವಂತಿದ್ದರೆ 108 ಕರೆದು ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ ಬಂದವರನ್ನು ದವಾಖಾನೆಗೆ ಕೈಹಿಡಿದು ಕರೆದುಕೊಂಡು ಹೋಗುವ ನಾವು, ಮನಸ್ಸು ಕುಗ್ಗಿದವರ ಕೈಯನ್ನೂ ಹಾಗೆಯೇ ಹಿಡಿಯೋಣ.