ಬಾಯಿ ಬಿಡದ ಊರು

ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಮಗಳ ಮನೆ. ಅಲ್ಲಿಗೆ ಹೋದಾಗ ಒಂದು ಶನಿವಾರ ಅಳಿಯ ನಮ್ಮನ್ನು ಹೋಮ್ಸ್ ಕೌಂಟಿಗೆ ಕರೆದೊಯ್ದರು. ಮಿಲ್ಲರ್ಸ್‌ಬರ್ಗ್‌ನಲ್ಲಿ ಕಾರುಗಳ ಪಕ್ಕದಲ್ಲೇ ಕಂಬಿಗೆ ಕಟ್ಟಿದ ಕಪ್ಪು ಕುದುರೆಗಾಡಿಗಳು ನಿಂತಿದ್ದವು. ಅಂಗಡಿಯೊಂದರಲ್ಲಿ ಬಟ್ಟೆಯ ಬೊಂಬೆ ಎತ್ತಿಕೊಂಡೆ. ನೀಲಿ ಅಂಗಿ, ತಲೆಗೆ ಬಿಳಿ ಕುಲಾವಿ, ಅಚ್ಚುಕಟ್ಟಾದ ಹೊಲಿಗೆ. ಮುಖದ ಜಾಗದಲ್ಲಿ ಮಾತ್ರ ಬರೀ ಬಟ್ಟೆ, ಕಣ್ಣಿಲ್ಲ, ಬಾಯಿಲ್ಲ. ಪ್ರತಿಮೆ ಮಾಡಬಾರದೆಂಬ ಬೈಬಲ್ಲಿನ ಆಜ್ಞೆಯನ್ನು ಆ ಕುದುರೆಗಾಡಿಗಳ ಒಡೆಯರು, ಅಮಿಶ್ ಎಂಬ ಕ್ರೈಸ್ತ ಪಂಥದ ಜನ, ಅಷ್ಟು ನಿಷ್ಠೆಯಿಂದ ಪಾಲಿಸುತ್ತಾರೆ.

ಮನೆಗೆ ಬಂದ ಮೇಲೆ ಮಗಳು ಲಿಂಡಾ ಕ್ಯಾಸ್ಟಿಲೊ ಬರೆದ ‘ಸ್ವೋರ್ನ್ ಟು ಸೈಲೆನ್ಸ್’ ಕೈಗಿಟ್ಟಳು. ಒಂದು ದೊಡ್ಡ ಪತ್ತೇದಾರಿ ಸರಣಿಗೆ ನಾಂದಿ ಹಾಡಿದ ಈ ಕಾದಂಬರಿ ಬಂದದ್ದು 2009ರಲ್ಲಿ. ಕತೆಯ ಪೇಂಟರ್ಸ್ ಮಿಲ್ ಕಲ್ಪನೆಯ ಊರು. ಅದನ್ನು ಇಟ್ಟಿರುವುದು ನಾನು ನೋಡಿಬಂದ ಹೋಮ್ಸ್ ಕೌಂಟಿಯಲ್ಲೇ.

ಊರಿನ ಪೊಲೀಸ್ ಮುಖ್ಯಸ್ಥೆ ಕೇಟ್ ಬರ್ಕ್‌ಹೋಲ್ಡರ್ ಹುಟ್ಟಿದ್ದು ಅಮಿಶ್ ಮನೆಯಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳ ಮೇಲೆ ಅತ್ಯಾಚಾರ ನಡೆಯುತ್ತದೆ. ಅವಳು ಬಂದೂಕು ಹಿಡಿದು ಆ ಅತ್ಯಾಚಾರಿಯನ್ನು ಹೊಡೆಯುತ್ತಾಳೆ. ಮನೆಯವರು ಪೊಲೀಸರಿಗೆ ಹೇಳುವುದಿಲ್ಲ, ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ಹದಿನಾರು ವರ್ಷ ಕಳೆದ ಮೇಲೆ ಹಿಮದಲ್ಲಿ ಒಂದು ಹೆಣ ಸಿಗುತ್ತದೆ, ಹೊಟ್ಟೆಯ ಮೇಲೆ ಕೊರೆದ ರೋಮನ್ ಅಂಕಿ. ಹಿಂದೆ ಊರನ್ನು ನಡುಗಿಸಿದ್ದ ಹಂತಕನ ಗುರುತು ಅದು. ಅವನನ್ನು ಅಂದೇ ಕೊಂದೆನೆಂದು ನಂಬಿದ್ದ ಕೇಟ್ ಈಗ ಯಾರನ್ನು ಹುಡುಕಬೇಕು?

ಅಮಿಶರು ಕೋರ್ಟು ಕಚೇರಿ ಹತ್ತಲು ಒಲ್ಲರು, ಪ್ರಮಾಣವನ್ನೂ ಮಾಡರು. ತಪ್ಪು ಮಾಡಿದವನು ಸಭೆಯ ಮುಂದೆ ಮೊಣಕಾಲೂರಿ ಒಪ್ಪಿಕೊಂಡರೆ ಕ್ಷಮೆ. ಆಮೇಲೆ ಆ ಮಾತು ಎತ್ತುವಂತಿಲ್ಲ. ಒಪ್ಪದವನಿಗೆ ಬಹಿಷ್ಕಾರ, ಒಂದೇ ಮೇಜಿನಲ್ಲಿ ಊಟವೂ ಇಲ್ಲ. 1693ರಲ್ಲಿ ಯಾಕೋಬ್ ಅಮ್ಮನ್ ಎಂಬ ಧರ್ಮಗುರು ಬೇರೆಯಾಗಿ ಈ ಪಂಥ ಹುಟ್ಟಿದ್ದಕ್ಕೂ ಬಹಿಷ್ಕಾರ ಎಷ್ಟು ಬಿಗಿಯಾಗಿರಬೇಕು ಎಂಬ ಜಗಳವೇ ಮುಖ್ಯ ಕಾರಣ. ಹೊರಗಿನವರೆಲ್ಲ ಅವರ ಬಾಯಲ್ಲಿ ‘ಇಂಗ್ಲಿಷ್’ನವರು. ಅಂಥವರ ಮುಂದೆ ಮುಚ್ಚಿಕೊಳ್ಳುವ ಬಾಗಿಲು ಕೇಟ್ ಪೆನ್ಸಿಲ್ವೇನಿಯಾ ಡಚ್‌ನಲ್ಲಿ ಮಾತಾಡಿದರೆ ಸ್ವಲ್ಪ ತೆರೆಯುತ್ತದೆ.

ಅವರ ಕ್ಷಮೆ ಬರೀ ಕತೆಯಲ್ಲ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್‌ನ ಅಮಿಶ್ ಶಾಲೆಗೆ ನುಗ್ಗಿದ ಒಬ್ಬ ಹತ್ತು ಹುಡುಗಿಯರಿಗೆ ಗುಂಡಿಟ್ಟ. ಐವರು ಸತ್ತರು, ಅವನೂ ಗುಂಡು ಹೊಡೆದುಕೊಂಡ. ಆ ಊರಿನ ಅಮಿಶರು ಅವನ ಹೆಂಡತಿಯನ್ನು ಸಂತೈಸಿದರು, ಅವನ ಮಣ್ಣಿಗೂ ಹೋದರು. ಅವರ ಮುಂದೆ ನಾನು ಕೈಮುಗಿಯುತ್ತೇನೆ.

ಆದರೆ ನೊಂದವರು ತಾವಾಗಿ ಕೊಡುವ ಕ್ಷಮೆ ಬೇರೆ, ಹದಿನಾಲ್ಕರ ಹುಡುಗಿಯ ಬಾಯಿ ಮುಚ್ಚಿಸುವುದು ಬೇರೆ. ಬಹಳ ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ‘ಯಾರ ಹತ್ರಾನೂ ಬಾಯಿ ಬಿಡಬೇಡ’ ಎಂದು ಮನೆಯಲ್ಲಿ ಹೇಳಿಸಿಕೊಂಡು ಬಂದು, ಕೊನೇ ಬೆಂಚಿನಲ್ಲಿ ಲಂಗದ ಅಂಚು ತಿರುಚುತ್ತಾ ಕೂತವರನ್ನು ಕಂಡಿದ್ದೇನೆ. ಕೇಟ್ ನನಗೆ ಆ ಬೆಂಚಿನ ಹುಡುಗಿ.

ಎರಡನೆಯ ಕಾದಂಬರಿ ‘ಪ್ರೇ ಫಾರ್ ಸೈಲೆನ್ಸ್’ನಲ್ಲಿ ಇಡೀ ಅಮಿಶ್ ಕುಟುಂಬವೇ ಕೊಲೆಯಾಗಿದೆ. ಆ ಮನೆಯ ಹರೆಯದ ಮಗಳ ದಿನಚರಿ ಕೇಟ್ ಕೈಗೆ ಸಿಗುತ್ತದೆ. ಬದುಕಿದ್ದಾಗ ಯಾರಿಗೂ ಹೇಳಲಾರದ್ದನ್ನು ಅವಳು ಅಲ್ಲಿ ಬರೆದಿಟ್ಟಿದ್ದಾಳೆ.